ಮೊದಲು ಪೆನ್ಸಿಲ್, ಆಮೇಲೆ ಪರದೆ

ಲೊಕ್ಕನಹಳ್ಳಿಯಿಂದ ಬಂದ ಆ ಅಮ್ಮ ಸೆರಗಿನ ಗಂಟು ಬಿಚ್ಚಿ, ಕಳಚಿಬಿದ್ದ ಹಲ್ಲಿನ ಕ್ಯಾಪೊಂದನ್ನು ನನ್ನ ಮೇಜಿನ ಮೇಲಿಟ್ಟರು. "ಮೊನ್ಮೊನ್ನೆ ಅನೂರಲ್ಲಿ ಆಕಿಸ್ಕಂಡಿದ್ದು ಕಣವ್ವಾ. ಅವ್ರೆಕಾಳ್ ಅಗೀವಾಗ ಬಿದ್ದೋಯ್ತು. ಅಲ್ಲು ಉಳಿಸ್ಕೊಡು," ಅಂದರು. ಬಾಯಿ ತೆಗೆಸಿ ನೋಡಿದರೆ ಮೈಯೆಲ್ಲ ಉರಿದುಹೋಯಿತು. ಕ್ಯಾಪ್ ಕೂರಿಸಲೆಂದು ದವಡೆ ಹಲ್ಲನ್ನು ನಾಲಿಗೆಯ ಕಡೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಸವೆಸಿದ್ದರು. ಒಳಗೆಲ್ಲ ಕೀವು, ಬೇರಿನವರೆಗೂ ಬಿರುಕು. ಕೊಳ್ಳೇಗಾಲದ ನನ್ನ ಕ್ಲಿನಿಕ್ಕಿನಲ್ಲಿ ಅದನ್ನು ಕೀಳದೆ ಬೇರೆ ದಾರಿ ಇರಲಿಲ್ಲ. ಕಿತ್ತ ಹಲ್ಲನ್ನು ತೊಳೆದು ಬೆಳಕಿಗೆ ಹಿಡಿದಾಗ ನೆನಪಾದವರು ನಮ್ಮ ಮೇಡಂ...

ಡೆಂಟಲ್ ಕಾಲೇಜಿಗೆ ಅವರು ಬರುವ ಮೊದಲು ನಮಗೆ ಪಾಠ ಮಾಡುತ್ತಿದ್ದವರು ಒಬ್ಬ ಹಿರಿಯ ಸಾರ್. ಕ್ಯಾಪ್ ಕೂರಿಸುವ ಅಭ್ಯಾಸಕ್ಕೆ ಪ್ಲಾಸ್ಟಿಕ್ ಹಲ್ಲನ್ನು ಸವೆಸಿ ಅವರ ಮುಂದೆ ಹಿಡಿದರೆ "ರಿಪೀಟ್" ಎಂದು ಕಸದ ಬುಟ್ಟಿಗೆ ಎಸೆಯುತ್ತಿದ್ದರು. ಎಲ್ಲಿ ತಪ್ಪು, ಎಷ್ಟು ತಪ್ಪು, ಕೇಳುವ ಹಾಗಿಲ್ಲ. ಒಮ್ಮೆ ಕೇಳಿದ್ದಕ್ಕೆ ನನ್ನ ಊರಿನ ಹೆಸರೆತ್ತಿ, "ಕೌದಳ್ಳಿ ಕೈ ಇದು, ಕಳೆ ಕೀಳೋಕೆ ಲಾಯಕ್ಕು," ಅಂದರು. ಎಲ್ಲರೂ ನಕ್ಕರು. ಪ್ರಾಕ್ಟಿಕಲ್‌ನಲ್ಲಿ ಫೇಲಾಗಿ ಊರಿಗೆ ಮರಳುವುದೇ ನನ್ನ ಹಣೆಬರಹ ಅಂದುಕೊಂಡಿದ್ದೆ. ಆ ಮಾತನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ಕ್ಷಮಿಸುವ ಇರಾದೆಯೂ ಇಲ್ಲ.

ಮೇಡಂ ಯಳಂದೂರಿನವರು. ಗುತ್ತಿಗೆ ನೌಕರಿ, ಬಾಯಿ ತುಂಬ ಮಾತು. ಮೂಲೆ ಸೇರಿದ್ದ ಸ್ಕ್ಯಾನರಿನ ಧೂಳು ಕೊಡವಿ ಹೊರಗೆಳೆದವರು ಅವರೇ. ನಾವು ಸವೆಸಿದ ಹಲ್ಲನ್ನು ಅದರಲ್ಲಿಟ್ಟರೆ ಹೆಚ್ಚು ಸವೆದ ಜಾಗ ಪರದೆಯ ಮೇಲೆ ಕೆಂಪಗೆ ಕಾಣುತ್ತಿತ್ತು, ಸರಿಯಾದದ್ದು ಹಸಿರು. ಆದರೆ ಅವರು ನೇರವಾಗಿ ಪರದೆ ನೋಡಲು ಬಿಡುತ್ತಿರಲಿಲ್ಲ. ನಮ್ಮ ಹಲ್ಲನ್ನು ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡು, ಬೇರೊಂದು ಹೊಸ ಹಲ್ಲನ್ನೂ ಪೆನ್ಸಿಲನ್ನೂ ಕೊಟ್ಟು, "ಎಲ್ಲಿ ತಪ್ಪೈತೆ ಅಂತ ಮೊದ್ಲು ನೀನ್ ಇದ್ರ ಮೇಲೆ ಗುರುತಾಕು. ಆಮೇಲೆ ಅದು ಹೇಳ್ಲಿ," ಅನ್ನುತ್ತಿದ್ದರು. ನಾನು ಯಾವಾಗಲೂ ಕೆನ್ನೆಯ ಕಡೆಗೆ ಗುರುತು ಹಾಕುತ್ತಿದ್ದೆ. ಕೆಂಪು ಇರುತ್ತಿದ್ದದ್ದು ನಾಲಿಗೆಯ ಕಡೆ, ಕೆಲಸ ಮಾಡುವಾಗ ಕಣ್ಣಿಗೆ ಬೀಳದ ಕಡೆ. ಕೂರುವ ರೀತಿ, ಕನ್ನಡಿ ಹಿಡಿಯುವ ಬಗೆ ಎಲ್ಲ ತಿದ್ದಿದರು. ಬರಬರುತ್ತಾ ನನ್ನ ಪೆನ್ಸಿಲ್ಲೂ ಪರದೆಯ ಕೆಂಪೂ ಒಂದೇ ಜಾಗಕ್ಕೆ ಬಂದವು. ಆಮೇಲೆ ಕೆಂಪೇ ಇಲ್ಲವಾಯಿತು. ಅವತ್ತು ಹಾಸ್ಟೆಲ್ಲಿಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತೆ.

ತಾವು ಸವೆಸಿದ ಹಲ್ಲನ್ನೂ ಮೇಡಂ ನಮ್ಮೆದುರೇ ಸ್ಕ್ಯಾನ್ ಮಾಡುತ್ತಿದ್ದರು. ಕೆಂಪು ಬಂದರೆ "ಅಯ್ಯೋ, ನಂದೂ ಓಯ್ತಲ್ಲಾ!" ಎಂದು ನಗುತ್ತಿದ್ದರು. ಅದೇ ಸಲಿಗೆಯಲ್ಲಿ ಒಂದು ದಿನ ಪಕ್ಕದಲ್ಲಿ ನಿಂತಿದ್ದ ಆ ಹಿರಿಯ ಸಾರ್ ಕಡೆ ತಿರುಗಿ, "ನಿಮ್ದೂ ಒಂದ್ ಇಡಿ ಸಾರ್, ಮಕ್ಕಳು ನೋಡ್ಲಿ," ಅಂದುಬಿಟ್ಟರು. ಸಾರ್ ಮುಖ ಕಪ್ಪಿಟ್ಟಿತು. ಹೊರನಡೆದರು.

ಮುಂದಿನ ವರ್ಷ ಮೇಡಂ ಗುತ್ತಿಗೆ ಮುಂದುವರಿಯಲಿಲ್ಲ. ಸಾರ್ ಸ್ಕ್ಯಾನರಿಗೆ ಬಟ್ಟೆ ಹೊದಿಸಿದರು. ತಪಾಸಣೆಗೆ ದೊಡ್ಡವರು ಬಂದಾಗ ಮಾತ್ರ ಅದನ್ನು ತೆಗೆಯುತ್ತಿದ್ದರಂತೆ. ಥೂ! ತಮ್ಮ ತಪ್ಪು ಕಾಣಬಾರದೆಂದು ಮಕ್ಕಳ ಕಣ್ಣು ಕಟ್ಟುವವರೂ ಮೇಷ್ಟ್ರೇ? ಮೇಡಂ ಯಳಂದೂರಿನಲ್ಲೇ ಪುಟ್ಟ ಕ್ಲಿನಿಕ್ ಇಟ್ಟುಕೊಂಡರು. ಆಗಾಗ ಹೋಗಿ ಮಾತಾಡಿಸಿ ಬರುತ್ತಿದ್ದೆ. ಆಮೇಲೆ ಕಾಯಿಲೆ ಬಿದ್ದರು, ಹೋಗಿಯೇಬಿಟ್ಟರು...

ಆ ಅಮ್ಮನಿಗೆ ಕ್ಯಾಪ್ ಹಾಕಿದ ಹನೂರಿನ ಡಾಕ್ಟರ ನಂಬರು ಹುಡುಕಿ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಹೂಗ್ಯಂನ ಹುಡುಗ, ನಮ್ಮದೇ ಕಾಲೇಜು, ಯಂತ್ರಕ್ಕೆ ಬಟ್ಟೆ ಬಿದ್ದ ಮೇಲೆ ಓದಿದವನು. "ಎಲ್ ತಪ್ಪಾಯ್ತು ಅಂತ್ಲೇ ಗೊತ್ತಾಯ್ತಿಲ್ಲ ಮೇಡಂ. ಕಾಲೇಜಲ್ಲಿ ರಿಪೀಟ್ ಅಂತಿದ್ರೇ ಒರ್ತು ಯಾರೂ ತೋರುಸ್ನಿಲ್ಲ," ಅಂದ. ಬೈಯುವುದನ್ನು ನಿಲ್ಲಿಸಿ, ಸಂಜೆ ಕ್ಲಿನಿಕ್ಕಿಗೆ ಬರಲು ಹೇಳಿದೆ.

ಸಂಜೆ ಬೈಕಿನಲ್ಲಿ ಬಂದ. ಕಿತ್ತ ಹಲ್ಲನ್ನು ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡು ಪ್ಲಾಸ್ಟಿಕ್ ಹಲ್ಲೊಂದನ್ನೂ ಪೆನ್ಸಿಲನ್ನೂ ಮುಂದಿಟ್ಟೆ. "ಎಲ್ಲಿ ತಪ್ಪೈತೆ, ಮೊದ್ಲು ನೀನ್ ಗುರುತಾಕು."

ಪೆನ್ಸಿಲ್ ತೆಗೆದುಕೊಂಡು ಗುರುತು ಹಾಕಿದ. ಕೆನ್ನೆಯ ಕಡೆಗೆ, ಹಿಂದೆ ನಾನು ಹಾಕುತ್ತಿದ್ದಲ್ಲಿಗೇ.

ಇದನ್ನು ಅವನಿಗೆ ಕಾಲೇಜಿನಲ್ಲೇ ತೋರಿಸಬೇಕಾಗಿದ್ದ ನಮ್ಮ ಮೇಡಂ ಈಗಿಲ್ಲ. ಆ ಅಮ್ಮನ ಹಲ್ಲೂ ಇಲ್ಲ. ನಾನು ಮುಷ್ಟಿ ಬಿಚ್ಚಿ, ಹಲ್ಲಿನ ನಾಲಿಗೆಯ ಕಡೆಯನ್ನು ಅವನತ್ತ ತಿರುಗಿಸಿದೆ.