ಗಾಜಿನ ಅಂಚಿನವರೆಗೂ ಎಣಿಸುವ ಕೌಂಟಕ್ಕ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ಲ್ಯಾಬಿನಲ್ಲಿ, ಎಲ್ಲರ ಬಾಯಲ್ಲೂ 'ಕೌಂಟಕ್ಕ' ಆಗಿರುವ ಟೆಕ್ನೀಷಿಯನ್ ಕನ್ನಡಕವನ್ನು ಹಣೆಗೇರಿಸಿ ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿದ್ದಾರೆ. ಅಡಿಯಲ್ಲಿರುವುದು ಗಾಜಿನ ಮೇಲೆ ತೆಳ್ಳಗೆ ಸವರಿದ ಒಂದು ಹನಿ ರಕ್ತ. ಲಿಫ್ಟ್ ಮೆಕ್ಯಾನಿಕ್ ಒಬ್ಬನದು. ಆತನಿಗೆ ಹೃದಯಾಘಾತವಾಗಿ ಇಂದಿಗೆ ಐದು ದಿನ.

ಫೋನಿನಲ್ಲಿ ಡಾಕ್ಟರಿಗೆ ಅವಸರ. "ಬಿಳಿ ರಕ್ತಕಣ ಇನ್ನೂ ಹದಿಮೂರು ಸಾವಿರ ಇದೆಯಲ್ಲಮ್ಮ, ಇಷ್ಟೊತ್ತಿಗೆ ಇಳೀಬೇಕಿತ್ತು! ಸೋಂಕಾದ್ರೆ ಐಸಿಯುನಲ್ಲೇ ಇಟ್ಟು ಔಷಧಿ ಶುರು ಮಾಡ್ತೀನಿ. ಅಲ್ಲದಿದ್ರೆ ವಾರ್ಡಿಗೆ."

"ಎಣಿಸೋಕೆ ಬಿಡಿ ಸಾರ್. ಮಾತಾಡ್ತಾ ಎಣಿಸಿದ್ರೆ ನಿಮ್ಮನ್ನೂ ಸೇರಿಸಿಬಿಡ್ತೀನಿ."

ಬಿಳಿ ಕಣಗಳ ಕಥೆಯನ್ನು ಅವರ ಬಾಯಲ್ಲೇ ಕೇಳಬೇಕು. "ಹಾರ್ಟಿನ ಒಂದು ಭಾಗ ಸತ್ತಿರುತ್ತಲ್ಲ, ಅಲ್ಲಿಗೆ ಮೊದಲು ನ್ಯೂಟ್ರೋಫಿಲ್ ನುಗ್ತವೆ. ಗುಡಿಸಿ ಒಗೆಯೋ ಗುಂಪು. ಕೆಲಸ ಚುರುಕು, ಕೈ ಒರಟು. ಜಾಸ್ತಿ ದಿನ ಉಳಿದ್ರೆ ಚೆನ್ನಾಗಿರೋದನ್ನೂ ಕೆಡಿಸ್ತವೆ. ಆಮೇಲೆ ಮಾನೋಸೈಟ್ ಬಂದು, ಉಳಿದ ಕಸ ತಿಂದು, ಗಾಯ ಕೂಡಿಸೋಕೆ ನಿಲ್ತವೆ. ಈ ಗಲಾಟೆಗೇ ಉರಿಯೂತ ಅನ್ನೋದು. ಅದಿಲ್ಲದೆ ಹಾರ್ಟು ವಾಸಿ ಆಗಲ್ಲ. ಎಷ್ಟು ಬಂದ್ವು ಅಂತ ಮೆಷಿನ್ ಹೇಳುತ್ತೆ. ಬಂದವು ಯಾವುವು ಅಂತ ನಾನು ಕಣ್ಣಾರೆ ನೋಡ್ತೀನಿ."

ಇಪ್ಪತ್ತಾರು ವರ್ಷದ ದುಡಿಮೆ. ದಿನಕ್ಕೆ ನಲವತ್ತು ಸ್ಲೈಡು, ಬಿಡದೆ ಕಾಡುವ ಕುತ್ತಿಗೆ ನೋವು. ಆರಂಭದಲ್ಲಿ ಅವರೂ ಎಡವಿದ್ದಾರೆ. ರಕ್ತ ಸವರುವಾಗ ಮಾನೋಸೈಟ್‌ನಂಥ ದೊಡ್ಡ ಕಣಗಳು ಅಂಚಿಗೆ ಸರಿಯುತ್ತವೆ ಎಂಬುದನ್ನು ಮರೆತು, ನಡುಭಾಗವನ್ನಷ್ಟೇ ಎಣಿಸಿ ವರದಿ ಬರೆದಿದ್ದರು. ಹಿರಿಯ ಟೆಕ್ನೀಷಿಯನ್ ಬೈದದ್ದು ಇನ್ನೂ ಕಿವಿಯಲ್ಲಿದೆ: "ಬಸ್ಸಲ್ಲಿ ಕೂತವರನ್ನ ಎಣಿಸಿ, ಬಾಗಿಲಲ್ಲಿ ಜೋತುಬಿದ್ದವರನ್ನ ಬಿಟ್ರೆ ಅದೂ ಒಂದು ಲೆಕ್ಕಾನಾ ತಾಯಿ?"

ಅಂದಿನಿಂದ ಗಾಜು ನಡುವಿನಿಂದ ಅಂಚಿಗೆ, ಅಂಚಿನಿಂದ ನಡುವಿಗೆ ಅಂಕುಡೊಂಕಾಗಿ ಸರಿಯುತ್ತದೆ. ಇಂದೂ ಅಷ್ಟೇ. ಬೆರಳಡಿ ಎಣಿಕೆಯ ಗುಂಡಿಗಳು ಟಕಟಕ ಎನ್ನುತ್ತವೆ. ನಡುವಿನಲ್ಲಿ ನ್ಯೂಟ್ರೋಫಿಲ್‌ಗಳ ಜಾತ್ರೆ ಕಂಡು ಅವರ ಹುಬ್ಬು ಗಂಟಾಗುತ್ತದೆ. ಅಂಚಿಗೆ ಬಂದರೆ ಸಾಲುಸಾಲು ಮಾನೋಸೈಟ್! ಸೋಂಕಿದ್ದಾಗ ಧಾವಿಸಿ ಬರುವ ಎಳೆಯ ಕಣಗಳ ಸುಳಿವಿಲ್ಲ. ಇನ್ನೊಂದು ಸ್ಲೈಡ್ ಮಾಡಿ ಮತ್ತೆ ಇನ್ನೂರು ಕಣ ಎಣಿಸುತ್ತಾರೆ. ಅದೇ ಲೆಕ್ಕ: ನ್ಯೂಟ್ರೋಫಿಲ್ ಪಾಲು ನಿನ್ನೆಗಿಂತ ಕಡಿಮೆ, ಮಾನೋಸೈಟ್ ಪಾಲು ಹೆಚ್ಚು.

"ಸಾರ್, ಗುಡಿಸೋರು ಹೊರಡ್ತಿದ್ದಾರೆ, ಕಟ್ಟೋರು ಬಂದಿದ್ದಾರೆ. ಸೋಂಕಿನ ಲಕ್ಷಣ ಸ್ಲೈಡಲ್ಲಿಲ್ಲ."

"ಜ್ವರಾನೂ ಇಲ್ಲ. ಸರಿ, ಇವತ್ತೇ ವಾರ್ಡಿಗೆ ಕಳಿಸ್ತೀನಿ."

ಒಮ್ಮೆ ಮೇಲೆ ಹೋಗಿ ಆ ಮೆಕ್ಯಾನಿಕ್‌ನನ್ನು ನೋಡಿ ಬರಬಾರದೇ ಎಂದರೆ ಕೌಂಟಕ್ಕ ನಗುತ್ತಾರೆ. "ನನ್ನ ಮುಖ ನೋಡಿ ಅವರಿಗೇನಾಗಬೇಕು? ಚೆನ್ನಾಗಿ ಮನೆ ಸೇರಿಕೊಳ್ಳಲಿ. ಗಿರಾಕಿ ತಿರುಗಿ ಬರಬಾರದು ಅಂತ ಹಾರೈಸೋ ಅಂಗಡಿ ನಮ್ಮದು."