ಗಿರಣಿ ಗೇಟಿನ ಒಂಬತ್ತು ಮುಸುಕು

ಫೋಟೋದವಳು ಹೊಟ್ಟೆಪಾಡಿಗೆ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಾಳೆ. ಉಳಿದ ಹೊತ್ತು ಹಳೆಯ ಚಿತ್ರಗಳನ್ನು ಕಂಪ್ಯೂಟರಿಗೆ ಉಣಿಸಿ, ಎಐ ಕೈಯಲ್ಲಿ ಅಳಿಸಿಹೋದ ಮೂಗು, ಬಿದ್ದುಹೋದ ಗೋಡೆ ಎಲ್ಲವನ್ನೂ ಮತ್ತೆ ಎಬ್ಬಿಸುತ್ತಾಳೆ. ಗಿರಣಿ ಮುಚ್ಚಿ ಕೆಲಸಗಾರರ ಸಾಲುಮನೆ ಕೆಡವಿದ ಮೇಲೆ ಅಲ್ಲಿಯವರು ದಿಕ್ಕಾಪಾಲಾಗಿದ್ದರು. ಅವರನ್ನು ಚಿತ್ರದಲ್ಲಾದರೂ ಒಟ್ಟು ಮಾಡುವ ಹುಚ್ಚು ಅವಳಿಗೆ.

ಅದು ಹತ್ತಿದ್ದು ಒಂದು ಫೋಟೋದಿಂದ. ಮುಷ್ಕರದ ದಿನ ಗೇಟಿಗೆ ಅಡ್ಡ ನಿಂತ ಒಂಬತ್ತು ಹೆಂಗಸರು. ಮೇಸ್ತ್ರಿ ಗುರುತು ಹಿಡಿದರೆ ಕೆಲಸಕ್ಕೆ ಕುತ್ತು. ಹತ್ತಿ ದೂಳು ಮೂಗಿಗೆ ಹೋಗದಂತೆ ಕಟ್ಟುವ ಬಟ್ಟೆಯನ್ನೇ ಕಣ್ಣಿನವರೆಗೆ ಎಳೆದುಕೊಂಡಿದ್ದರು. ಅವರಲ್ಲೊಬ್ಬಳು ಫೋಟೋದವಳ ಅಮ್ಮ, ಮಗಳಿಗೆ ಮಾತು ಬರುವ ಮೊದಲೇ ಸತ್ತವಳು. ಬೇರೆ ಫೋಟೋ ಇಲ್ಲ. ಆ ಮುಖ ಹೇಗಿತ್ತು ಎಂಬ ಪ್ರಶ್ನೆ ಮಗಳನ್ನು ಕೂರಲು ಬಿಡುತ್ತಿರಲಿಲ್ಲ.

ಅಮ್ಮನ ಚೌಕಳಿ ಶಾಲು ಮನೆಯ ಪೆಟ್ಟಿಗೆಯಲ್ಲಿತ್ತು. ಫೋಟೋದಲ್ಲಿ ಎಡತುದಿಯವಳು ಹೊದ್ದದ್ದು ಅದನ್ನೇ. ಸಿಕ್ಕಳು! ಯಾರನ್ನೂ ಕೇಳುವ ಗೋಜಿಗೆ ಹೋಗದೆ, ಅವಳ ಮಸುಕು ಕಣ್ಣಿನ ಜೊತೆ ತನ್ನ ಮುಖ, ಚಿಕ್ಕಮ್ಮನ ಮುಖ ಕೊಟ್ಟು ಮುಸುಕು ತೆಗೆಯೆಂದು ಯಂತ್ರಕ್ಕೆ ಹೇಳಿದಳು. ಬಂದ ಮುಖವನ್ನು ಮುದ್ರಿಸಿ ಕಾರ್ಮಿಕ ಸಂಘದ ಕಚೇರಿಯ ಗೋಡೆಗೆ ತೂಗುಹಾಕಿ, ಆ ಒಂಬತ್ತರಲ್ಲಿ ಬದುಕಿರುವ ಆರು ಮಂದಿಯನ್ನು, ಚಿಕ್ಕಮ್ಮನನ್ನೂ ಸೇರಿಸಿ, ಕರೆದಳು.

ಅವರು ನೋಡಿ ಬಿದ್ದು ಬಿದ್ದು ನಕ್ಕರು.

"ನಮ್ಮ ಕುಳ್ಳಿ ಸಿನಿಮಾದವಳಾಗಿಬಿಟ್ಟಿದಾಳಲ್ರೇ!" ಎಂದು, ಗಿರಣಿಯಲ್ಲಿ ನೂಲು ತೆಗೆಯುತ್ತಿದ್ದು ನೂಲಿನ ಅಜ್ಜಿ ಎಂದೇ ಹೆಸರಾದವಳು ಚಿಕ್ಕಮ್ಮನ ಬೆನ್ನಿಗೆ ಗುದ್ದಿದಳು.

"ಅಜ್ಜಿ, ಅದು ಚಿಕ್ಕಮ್ಮ ಅಲ್ಲ, ಅಮ್ಮ."

"ಎಲ್ಲಿಯ ಅಮ್ಮ? ಅಲ್ಲಿ ನಿಂತಿದ್ದೇ ನಾನು ಕಣೇ," ಎಂದಳು ಚಿಕ್ಕಮ್ಮ. "ಮೇಸ್ತ್ರಿ ಶಾಲು ನೋಡೇ ಹೆಸರು ಹೇಳ್ತಿದ್ದ. ಅದಕ್ಕೇ ಎಲ್ಲರ ಶಾಲೂ ರಾಶಿ ಹಾಕಿ, ಕೈಗೆ ಸಿಕ್ಕಿದ್ದು ಹೊದ್ಕೊಂಡ್ವಿ. ನನಗೆ ಅಕ್ಕಂದು ಸಿಕ್ತು."

"ಅಮ್ಮನಿಗೆ ಯಾರದ್ದು ಸಿಕ್ತು?"

"ಯಾರಿಗೆ ಗೊತ್ತು? ನಾವು ಗೇಟು ನೋಡ್ತಿದ್ವಿ, ಪಕ್ಕ ಅಲ್ಲ. ಮೇಸ್ತ್ರಿಗೇ ಸಿಗದವರು ನಿನಗೆ ಸಿಗ್ತೀವಾ?"

ಪೆಚ್ಚಾದರೂ ಅವಳು ಬಿಡುವ ಪೈಕಿಯವಳಲ್ಲ. ಫೋಟೋವನ್ನು ಮೇಜಿನ ಮೇಲಿಟ್ಟು, ನಿಮ್ಮ ನಿಮ್ಮ ಜಾಗ ತೋರಿಸಿ ಎಂದಳು. ಗೇಟಿನ ಸರಪಳಿ ಹಿಡಿದದ್ದು ನಾನು, ಬಾವುಟ ನನ್ನ ಕೈಯಲ್ಲಿತ್ತು ಎಂದು ಕಿತ್ತಾಡಿ ಆರೂ ಮಂದಿ ತಮ್ಮ ಜಾಗ ಹಿಡಿದರು. ಅವರ ಈಗಿನ ಮುಖಗಳ ಫೋಟೋ ತೆಗೆದು, ಯಂತ್ರದಿಂದ ವಯಸ್ಸು ಇಳಿಸಿ, ಮುಸುಕಿದ್ದಲ್ಲಿ ಕೂರಿಸಿದಳು. ಯಂತ್ರ ತಿದ್ದಿದ ಉಬ್ಬುಹಲ್ಲನ್ನು ನೂಲಿನ ಅಜ್ಜಿ ಬೈದು ವಾಪಸ್ ಹಾಕಿಸಿಕೊಂಡಳು.

ಮೂರು ಮುಸುಕು ಉಳಿದವು. ಮೂವರೂ ಸತ್ತವರು. ಒಬ್ಬಳು ಅಮ್ಮ, ಯಾವಳೋ?

"ಇನ್ನಿಬ್ಬರಿಗೆ ಮಕ್ಕಳಿದಾರಾ, ಚಿಕ್ಕಮ್ಮ?"

"ಇದಾರೆ. ನೀನೂ ಸೇರಿ ಮೂರು ಮನೆಯವರೂ ಒಬ್ಬಳನ್ನೇ ನಮ್ಮಮ್ಮ ಅಂತ ಜಗ್ಗಾಡಿದ್ರೆ ಏನ್ಮಾಡ್ತೀಯ?"

"ಜಗ್ಗಾಡೋಣ. ಅವರ ಹತ್ರ ಏನಾದ್ರೂ ಇರುತ್ತಲ್ಲ, ಒಂದು ಶಾಲಾದ್ರೂ, ಒಂದು ಮಾತಾದ್ರೂ."

ಯಂತ್ರ ಮಾಡಿದ ಮುಖವನ್ನು ಗೋಡೆಯಿಂದ ಇಳಿಸಿ ಸುರುಳಿ ಸುತ್ತಿಟ್ಟಳು. ಮೂರು ಮುಸುಕನ್ನೂ ಮುಟ್ಟಲಿಲ್ಲ. ಆ ಮಕ್ಕಳು ಈಗ ಯಾವ ಬೀದಿಯಲ್ಲಿದ್ದಾರೆಂದು ನೂಲಿನ ಅಜ್ಜಿಯನ್ನು ಕೇಳುತ್ತಲೇ ಚಪ್ಪಲಿ ಮೆಟ್ಟಿದಳು.