ಚಾಂದನಿ ಕೂಗಿದ್ದೇಕೆ

ಗಾರ್ಮೆಂಟ್ಸ್ ಕೆಲಸ ಬಿಟ್ಟ ಮೇಲೆ ಮೆಹಬೂಬ್ ಬೀಗೆ ಮನೆಯಲ್ಲಿ ಸುಮ್ಮನೆ ಕೂತು ಬೇಸರ ಬಂದಿತ್ತು. ಅಬ್ಬಿಗೆರೆಯ ಅವರ ಮನೆಯ ಹಿಂದೆ ಒಂದಿಷ್ಟು ಜಾಗವಿತ್ತು. ಚಿಕ್ಕಬಾಣಾವರದ ಪಿಳ್ಳಪ್ಪನ ಬಳಿ ಹಾಲು ಕೊಡುವ ಗಿಡ್ಡ ಮೇಕೆಯೊಂದಿದೆ ಎಂದು ಮಗ ಮೊಯಿನುದ್ದೀನ್ ಹೇಳಿದ್ದೇ ತಡ, ಹೋಗಿ ಹಿಡಿದುಕೊಂಡು ಬಂದರು. ಬಿಳಿ ಮೈ, ಕಪ್ಪು ಕಿವಿ. ಚಾಂದನಿ ಎಂದು ಹೆಸರಿಟ್ಟರು.

ಚಾಂದನಿ ಬಂದ ಗಳಿಗೆಯಿಂದ ಕೂಗತೊಡಗಿತು. ಹಸಿವಿರಬೇಕೆಂದು ಮೆಹಬೂಬ್ ಬೀ ಹಲಸಿನ ಸೊಪ್ಪು ಕಟ್ಟಿದರು. ಎರಡು ಎಲೆ ತಿಂದು ಮತ್ತೆ ಬಾಯಿ ತೆರೆಯಿತು. ನೀರಿಟ್ಟರೆ ಬಕೆಟ್ ಉರುಳಿಸಿತು. ಹಾಲು ಕರೆಯಲು ಕೂತರೆ ಪಾತ್ರೆಯೊಳಗೇ ಕಾಲಿಟ್ಟಿತು. ದನದ ಡಾಕ್ಟರು ಬಂದು ನೋಡಿ, ಕಾಯಿಲೆ ಏನೂ ಇಲ್ಲ ಎಂದರು.

ಪಕ್ಕದ ಮನೆಯ ಕೃಷ್ಣಮ್ಮ ಕಾಂಪೌಂಡ್ ಮೇಲಿಂದ ಇಣುಕಿದರು. ತಮ್ಮ ರಾಗಿ ಹೊಲವಿದ್ದ ಕಡೆ ಮೂರಂತಸ್ತು ಕಟ್ಟಿ ಬಾಡಿಗೆಗೆ ಕೊಟ್ಟು, ತಾವು ಕೆಳಗಿನ ಮನೆಯಲ್ಲಿದ್ದರು.

“ಮೆಹಬೂಬಮ್ಮ, ನಿಮ್ ಮೇಕೆ ಯಾಕ್ ಇಂಗ್ ಬಡ್ಕೊಳ್ತದೆ? ಸೀರಿಯಲ್ದು ಒಂದ್ ಮಾತೂ ಕೇಳಾಕಿಲ್ಲ.”

“ನಂಗೂ ತಿಳೀತಿಲ್ಲ ಕೃಷ್ಣಮ್ಮೋರೇ. ಏನೋ ಹೇಳ್ತಾ ಐತೆ. ಏನಂತ ಗೊತ್ತಾಗ್ಲಿ, ಸುಮ್ನಾಗಿಸ್ತೀನಿ.”

ಅಂದಿನಿಂದ ಮೆಹಬೂಬ್ ಬೀ ಗಮನವಿಟ್ಟು ನೋಡತೊಡಗಿದರು. ತಾವು ಪಕ್ಕದಲ್ಲಿ ಕೂತು ಬೆಳ್ಳುಳ್ಳಿ ಸುಲಿಯುವಾಗ ಚಾಂದನಿ ಸುಮ್ಮನಿರುತ್ತಿತ್ತು. ಎದ್ದು ಬಾಗಿಲು ದಾಟಿದೊಡನೆ ಅದೇ ಉದ್ದನೆಯ ಒಡಕು ದನಿ. ಕೂಗಿದ ಮೇಲೆ ಕಿವಿ ನಿಮಿರಿಸಿ, ಯಾರೋ ಓಗೊಡುತ್ತಾರೆಂಬಂತೆ ಕಾಯುತ್ತಿತ್ತು. ಮೆಹಬೂಬ್ ಬೀ ಪಿಳ್ಳಪ್ಪನಿಗೆ ಫೋನ್ ಮಾಡಿದರು.

“ಇದ್ರ ಜೊತೆ ಯಾವ್ದಾದ್ರೂ ಇತ್ತಾ?”

“ಇತ್ತಲ್ಲ, ಅದ್ರ ಅಕ್ಕ. ಒಟ್ಟಿಗೇ ಬೆಳ್ದವು. ಅದೂ ಇಲ್ಲಿ ನೆಟ್ಗೆ ಮೇಯ್ತಿಲ್ಲ ಕಣಮ್ಮ. ಕಾಲು ಕುಂಟು, ಹಾಲೂ ಕಮ್ಮಿ, ಅಂಗಾಗಿ ನಿಮ್ಗೆ ತೋರಿಸ್ಲಿಲ್ಲ.”

“ಕುಂಟಾದ್ರೂ ಪರವಾಗಿಲ್ಲ. ಮಗನ್ನ ಕಳಿಸ್ತೀನಿ.”

ಅಕ್ಕ ಮೇಕೆ ಮೊಯಿನುದ್ದೀನನ ಆಟೋದಲ್ಲಿ, ಹೆಸರಘಟ್ಟ ರಸ್ತೆಯುದ್ದಕ್ಕೂ ತಲೆ ಹೊರಗೆ ಹಾಕಿ ಬಸ್ಸುಗಳನ್ನು ನೋಡುತ್ತ ಬಂತು. ಎರಡೂ ಮುದ್ದಾಡುವುದನ್ನು ನೋಡಲು ಮನೆಯವರೆಲ್ಲ ಹಿತ್ತಲಲ್ಲಿ ನಿಂತಿದ್ದರು. ಚಾಂದನಿ ನೇರ ಹೋಗಿ ಅಕ್ಕನಿಗೆ ಗುದ್ದಿತು. ಅಕ್ಕ ಕುಂಟುತ್ತಲೇ ತಿರುಗಿ ಗುದ್ದಿತು. ಕತ್ತಲಾಗುವವರೆಗೂ ಇದೇ ನಡೆಯಿತು. ಎಂಥ ತಪ್ಪು ಮಾಡಿದೆನೋ ಎಂದು ಮೆಹಬೂಬ್ ಬೀ ಊಟವನ್ನೂ ಸರಿಯಾಗಿ ಮಾಡಲಿಲ್ಲ. ಬೆಳಿಗ್ಗೆ ನೋಡಿದರೆ ಎರಡೂ ಬೆನ್ನಿಗೆ ಬೆನ್ನು ತಾಗಿಸಿ ಮೆಲುಕು ಹಾಕುತ್ತಿದ್ದವು. ಅಂದು ಚಾಂದನಿ ಅಲುಗಾಡದೆ ನಿಂತು ಹಾಲು ಕೊಟ್ಟಿತು.

ಸ್ವಲ್ಪ ದಿನಕ್ಕೆ ಕೃಷ್ಣಮ್ಮ ಬಾಗಿಲಿಗೇ ಬಂದರು. “ಮಾರ್ಬಿಟ್ರಾ? ಸದ್ದೇ ಇಲ್ಲ. ಮೈಗೇನಾದ್ರೂ ಆಗೈತಾ ಅಂತ ನೋಡೋಕೆ ಬಂದೆ.”

ಬಂದವರು ಟೀ ಕುಡಿದು, ಮಾರನೆಯ ದಿನ ನುಗ್ಗೆಸೊಪ್ಪು ತಂದರು. ಬಕೆಟ್ ಕಂಡಾಗಿನ ಚಿಕ್ಕ ಕೂಗು ಯಾವುದು, ನಾಯಿ ಸುಳಿದಾಗ ಸೀನಿದಂತೆ ಬರುವ ಸದ್ದು ಯಾವುದು ಎಂದು ಮೆಹಬೂಬ್ ಬೀ ಹೇಳುತ್ತಿದ್ದರೆ, ಕೃಷ್ಣಮ್ಮ ಸೀರಿಯಲ್ ಮರೆತು ಕೇಳುತ್ತಿದ್ದರು.

ಮರುವರ್ಷ ಚಾಂದನಿ ಗಬ್ಬವಾಯಿತು. ಮರಿ ಹಾಕಲು ಇನ್ನೂ ದಿನವಿದೆ ಎಂದುಕೊಂಡು ಮೆಹಬೂಬ್ ಬೀ ಮೇಕೆಗಳನ್ನು ನೋಡಿಕೊಳ್ಳಲು ಕೃಷ್ಣಮ್ಮನಿಗೆ ಹೇಳಿ ಸಂಜಯನಗರಕ್ಕೆ ನೆಂಟರ ಮದುವೆಗೆ ಹೋದರು. ಊಟಕ್ಕೆ ಕೂರುವಾಗ ಕೃಷ್ಣಮ್ಮನ ಫೋನ್ ಬಂತು.

“ಚಾಂದನಿ ಬಾಯ್ ಮುಚ್ಕೊಂಡೇ ಏನೋ ಗುನುಗ್ತದೆ. ತಿರುಗಿ ತಿರುಗಿ ಹೊಟ್ಟೆ ನೋಡ್ಕೊಳ್ತದೆ.”

“ಫೋನ್ ಅದ್ರ ಮೂತಿ ಹತ್ರ ಹಿಡೀರಿ.”

ಮದುವೆ ಗದ್ದಲದಲ್ಲಿ ಒಂದು ಕಿವಿ ಮುಚ್ಚಿಕೊಂಡು ಮೆಹಬೂಬ್ ಬೀ ಆಲಿಸಿದರು. “ಹೊಟ್ಟೇಲಿರೋ ಮರಿ ಜೊತೆ ಮಾತಾಡ್ತಾ ಐತೆ. ಈಗ್ಲೇ ಹಾಕ್ತದೆ. ಹಳೇ ಬಟ್ಟೆ ತಗೊಂಡು ಪಕ್ಕದಲ್ ಕೂತ್ಕೊಳ್ಳಿ, ಬಂದೆ.”

“ನಾನಾ? ನಂಗ್ ಇದೆಲ್ಲ ಗೊತ್ತಿಲ್ಲ.”

“ಅದಕ್ ಗೊತ್ತೈತೆ. ಕೂತ್ಕೊಳ್ಳಿ.”

ದಾರಿಯಲ್ಲಿ ಟ್ರಾಫಿಕ್ ಸಿಕ್ಕಿತು. ಮೆಹಬೂಬ್ ಬೀ ಹಿತ್ತಲಿಗೆ ಓಡಿಬಂದಾಗ ಚಾಂದನಿ ಒಂದು ಮರಿಯನ್ನು ನೆಕ್ಕುತ್ತಿತ್ತು. ಇನ್ನೊಂದು ಕೃಷ್ಣಮ್ಮನ ಮಡಿಲಲ್ಲಿತ್ತು. ಅವರು ಉಟ್ಟ ಸೀರೆಯ ಸೆರಗಲ್ಲೇ ಅದನ್ನು ಒರೆಸುತ್ತಿದ್ದರು.

“ಮೆಲ್ಲಗ್ ಬನ್ನಿ, ಎದ್ರಿಕೊಂಡಾವು,” ಎಂದರು. “ಮದ್ವೆ ಊಟ ಬಿಟ್ ಬಂದ್ರಾ?”

“ಊಟ ಬಿಟ್ಟೆ. ಸಿಹಿ ಅನ್ನ ಕಟ್ಟಿಸ್ಕೊಂಡ್ ಬಂದೆ.”

ಇಬ್ಬರೂ ಕೈ ತೊಳೆದು ಬಂದು, ಮರಿಗಳು ಕೆಚ್ಚಲು ಹುಡುಕಿ ತಡಕಾಡುವುದನ್ನು ನೋಡುತ್ತ, ಒಂದೇ ಡಬ್ಬಿಯಿಂದ ತಿಂದರು.